ಅಕ್ಟೋಬರ್‌ನಲ್ಲಿ ಚೆನ್ನೈ ಒಟಿಎ ಸೇರುತ್ತಿದ್ದೇನೆ, ಮೂರು ತಿಂಗಳಲ್ಲಿ ಮೈ ಹೇಗೆ ತಯಾರು ಮಾಡಿಕೊಳ್ಳಲಿ?

ರಾಣೆಬೆನ್ನೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ಸೇನೆಯ ಶಾರ್ಟ್ ಸರ್ವಿಸ್ ಟೆಕ್ನಿಕಲ್ ಎಂಟ್ರಿಯಲ್ಲಿ (ಎಂಜಿನಿಯರಿಂಗ್ ಓದಿದವರು ಕೆಲವು ವರ್ಷಕ್ಕೆ ಅಧಿಕಾರಿಯಾಗುವ ದಾರಿ) ನನ್ನ ಹೆಸರು ಮೆರಿಟ್ ಲಿಸ್ಟ್‌ನಲ್ಲಿ ಬಂದಿದೆ. ಬೆಂಗಳೂರಿನಲ್ಲಿ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳ ಆಯ್ಕೆ ಸಂದರ್ಶನ ಆಯಿತು, ಮೆಡಿಕಲ್ಲೂ ಮುಗಿಯಿತು. ಅಕ್ಟೋಬರ್‌ನಲ್ಲಿ ಚೆನ್ನೈಯ ಒಟಿಎಗೆ, ಅಂದರೆ ಸೇನೆಯ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋಗಬೇಕು. ನಮ್ಮ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಸೇನೆಗೆ ಹೋದವರು ಒಬ್ಬರೂ ಇಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಈಗಿನ ಸ್ಥಿತಿ ಹೇಳಿಬಿಡುತ್ತೇನೆ. 2.4 ಕಿ.ಮೀ. ಓಡಲು ನನಗೆ ಹದಿನಾಲ್ಕೂವರೆ ನಿಮಿಷ ಬೇಕು. ನೋಟಿಫಿಕೇಶನ್‌ನಲ್ಲಿ ಹೆಣ್ಣುಮಕ್ಕಳಿಗೆ 13 ನಿಮಿಷ ಅಂತಿದೆ. ಪುಶ್-ಅಪ್ 15 ಬೇಕು, ನನಗೆ ಎಂಟು ಸರಿಯಾಗಿ ಬರುತ್ತದೆ, ಆಮೇಲೆ ಸೊಂಟ ಇಳಿಯುತ್ತದೆ. ಪುಲ್-ಅಪ್ ಎರಡು ಬೇಕು, ನನಗೆ ಒಂದೂ ಬರುವುದಿಲ್ಲ. ಈಜು ಗೊತ್ತಿಲ್ಲ. ನಾವು ಸಸ್ಯಾಹಾರಿಗಳು, ಹಿಂದಿ ಅಷ್ಟಕ್ಕಷ್ಟೆ.

ನಮ್ಮೂರಲ್ಲಿ ಒಬ್ಬರು, ನಾಳೆಯಿಂದಲೇ ಬೂಟು ಹಾಕಿಕೊಂಡು, ಬ್ಯಾಗಿನಲ್ಲಿ ಮರಳು ತುಂಬಿಕೊಂಡು ದಿನಾ 10 ಕಿ.ಮೀ. ಓಡು, ಅಲ್ಲಿ ಹೋದ ಮೇಲೆ ಏನೂ ಕಷ್ಟ ಅನಿಸುವುದಿಲ್ಲ ಅಂತ ಹೇಳುತ್ತಿದ್ದಾರೆ. ಇದು ಸರಿನಾ? ಅಲ್ಲಿ ದಿನ ಹೇಗಿರುತ್ತದೆ ಅಂತಲೂ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಗೋಕಾಕ_ಮೈದಾನ

ಅಭಿನಂದನೆ ತಂಗಿ, ಬಹಳ ಖುಷಿ ಆಯಿತು. ನಾನು ಇಲ್ಲಿ ಸೈನ್ಯದ ಭರ್ತಿಗೆ ಹೋಗುವ ಹುಡುಗರನ್ನು ಬೆಳಿಗ್ಗೆ ಓಡಿಸುತ್ತೇನೆ. ನಿಮ್ಮೂರಿನವರು ಹೇಳಿದ್ದರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ ಬೂಟಿನಲ್ಲೇ ಓಡಿಸುತ್ತಾರೆ, ಬೆನ್ನ ಮೇಲೆ ಭಾರ ಇರುತ್ತದೆ, ಕೈಯಲ್ಲಿ ರೈಫಲ್ ಇರುತ್ತದೆ. ಇಲ್ಲಿ ಸ್ಪೋರ್ಟ್ಸ್ ಶೂನಲ್ಲಿ ಹಾಯಾಗಿ ಓಡಿ ಅಲ್ಲಿಗೆ ಹೋದರೆ ಮೊದಲ ವಾರವೇ ಕಾಲು ಹಣ್ಣಾಗುತ್ತದೆ. ಮನಸ್ಸು ಗಟ್ಟಿ ಆಗಬೇಕು ಅಂದರೆ ಮೈಗೆ ಪೆಟ್ಟು ಬೀಳಬೇಕು. ಮೂರು ತಿಂಗಳು ಅಂದರೆ ಕಡಿಮೆ ಸಮಯ, ಇವತ್ತಿನಿಂದಲೇ ಶುರು ಮಾಡು.

ಫಿಸಿಯೋ_ಮೈಸೂರು

ದಯವಿಟ್ಟು ಹಾಗೆ ಮಾಡಬೇಡಿ. ನಾನು ಫಿಸಿಯೋಥೆರಪಿಸ್ಟ್. ಭರ್ತಿಗೆ, ಅಕಾಡೆಮಿಗೆ ತಯಾರಾಗುವ ಹುಡುಗ ಹುಡುಗಿಯರು ನನ್ನ ಬಳಿ ಬರುವುದೇ ಇಂಥ ಸಲಹೆ ಪಾಲಿಸಿದ ಮೇಲೆ.

ಉಸಿರು ಮತ್ತು ಸ್ನಾಯು ಬೇಗ ಒಗ್ಗಿಕೊಳ್ಳುತ್ತವೆ. ನಾಲ್ಕೈದು ವಾರ ಓಡಿದರೆ ಉಸಿರು ಸಿಗುತ್ತದೆ, ಇನ್ನೂ ಓಡಬಲ್ಲೆ ಅನಿಸುತ್ತದೆ. ಮೂಳೆ ಅಷ್ಟು ಬೇಗ ಒಗ್ಗುವುದಿಲ್ಲ. ಹೊಸ ಭಾರ ಬಿದ್ದಾಗ ದೇಹ ಮೊದಲು ಮೂಳೆಯ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಈ ಎರಡರ ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲವಾಗಿಯೇ ಇರುತ್ತದೆ. ಹೊಸ ಗೋಡೆಗೆ ನೀರು ಹಾಕಿ ಕ್ಯೂರಿಂಗ್ ಆಗುವ ಮೊದಲೇ ಸ್ಲ್ಯಾಬ್ ಹೊರಿಸಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ, ಪಾದದ ಉದ್ದ ಮೂಳೆಗಳಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಅನ್ನುವುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐ ಮಾಡಿದರೆ ಗೊತ್ತಾಗುತ್ತದೆ. ಎಷ್ಟೋ ದೇಶಗಳ ಸೇನೆಗಳಲ್ಲಿ ಹೊಸಬರು ತರಬೇತಿ ತಪ್ಪಿಸಿಕೊಳ್ಳುವುದಕ್ಕೆ ಇದೊಂದು ದೊಡ್ಡ ಕಾರಣ, ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿನ ಹತ್ತಿರ, ಬಿರುಕು ಬಿಟ್ಟರಂತೂ ಆಪರೇಷನ್ ತನಕ ಹೋಗಬಹುದು.

ಈಗ ಅಮ್ಮ, ಮೂರು ಕೆಲಸ ಮೊದಲು ಮಾಡಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ವೈದ್ಯರ ಬಳಿ ಹೋಗಿ ಈಗಲೇ ಚಿಕಿತ್ಸೆ ಶುರು ಮಾಡಿ, ಮೂರು ತಿಂಗಳು ಅದಕ್ಕೆ ಸಾಕು. ಜಾಸ್ತಿ ಓಡಲು ಶುರು ಮಾಡಿದ ಮೇಲೆ ಮುಟ್ಟು ನಿಂತುಹೋದರೆ ಒಳ್ಳೆಯದೇ ಆಯಿತು ಅಂದುಕೊಳ್ಳಬೇಡಿ. ದೇಹಕ್ಕೆ ಊಟ ಸಾಲುತ್ತಿಲ್ಲ ಅಂತ ಅರ್ಥ, ಮೂಳೆಗೆ ಅದು ಕೆಟ್ಟ ಸುದ್ದಿ. ಮೂರನೆಯದು, ನೋವು ಎಲ್ಲಿದೆ ಅಂತ ಬೆರಳಿನಿಂದ ಒಂದೇ ಜಾಗ ಒತ್ತಿ ತೋರಿಸುವಂತಿದ್ದರೆ, ಆ ದಿನವೇ ಓಟ ನಿಲ್ಲಿಸಿ ತೋರಿಸಿಕೊಳ್ಳಿ. ಇಡೀ ಕಾಲು ಮಂಕಾಗಿ ನೋಯುವುದು ಬೇರೆ, ಒಂದು ರೂಪಾಯಿ ಅಗಲದ ಜಾಗ ಚುಚ್ಚುವುದು ಬೇರೆ.

ಗೋಕಾಕ_ಮೈದಾನ

ಡಾಕ್ಟರ್ ಮೇಡಂ, ನಮ್ಮ ಹುಡುಗರು ಹೀಗೇ ಓಡಿ ಪಾಸಾಗಿದ್ದಾರೆ.

ಫಿಸಿಯೋ_ಮೈಸೂರು

ಪಾಸಾದವರು ನಿಮ್ಮ ಮೈದಾನಕ್ಕೆ ಸಿಹಿ ತರುತ್ತಾರೆ ಸರ್. ಕಾಲು ಮುರಿದುಕೊಂಡವರು ಮೈದಾನಕ್ಕೆ ಬರುವುದು ಬಿಟ್ಟು ನನ್ನ ಬಳಿ ಬರುತ್ತಾರೆ. ಇಬ್ಬರನ್ನೂ ಲೆಕ್ಕ ಹಿಡಿಯಬೇಕು ಅಲ್ವಾ? ಭರ್ತಿ ಓಟ ಒಂದು ಬೆಳಿಗ್ಗೆಯ ಮಾತು. ಇವರು 49 ವಾರ ಅಲ್ಲಿ ಇರಬೇಕು.

ಪರಂಗಿಮಲೈ_ಅಕ್ಕ

ನಾನು ಚೆನ್ನೈ ಒಟಿಎಯಿಂದಲೇ ಕಮಿಷನ್ ಆದವಳು, ಅಂದರೆ ಅಲ್ಲೇ ತರಬೇತಿ ಮುಗಿಸಿ ಅಧಿಕಾರಿ ಆದವಳು. ಸರ್ವಿಸ್ ಮುಗಿಸಿ ಈಗ ಹೊರಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೋ ತಂಗಿ.

ಮೊದಲು ಜಾಗದ ಬಗ್ಗೆ. ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್ ಹತ್ತಿರ ಅಕಾಡೆಮಿ ಇದೆ, ವಿಮಾನ ನಿಲ್ದಾಣ ಪಕ್ಕದಲ್ಲೇ. ಚೀನಾ ಯುದ್ಧದ ನಂತರ ಅಧಿಕಾರಿಗಳು ಬೇಗ ಬೇಕಾಗಿದ್ದರಿಂದ 1963ರಲ್ಲಿ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ಆಗಿ ಶುರುವಾದದ್ದು, 1988ರಲ್ಲಿ ಅಕಾಡೆಮಿ ಆಯಿತು. 1992ರಿಂದ ಹೆಣ್ಣುಮಕ್ಕಳು ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಖಡಕ್‌ವಾಸ್ಲಾದ ಎನ್‌ಡಿಎಗೆ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಹೆಣ್ಣುಮಕ್ಕಳು ಬಂದದ್ದು 2022ರಲ್ಲಿ, ಮೊದಲ ಬ್ಯಾಚಿನ 17 ಜನ ಪಾಸಾಗಿ ಹೊರಬಂದದ್ದು 2025ರ ಮೇನಲ್ಲಿ. ಅಂದರೆ ಚೆನ್ನೈಯಲ್ಲಿ ನಿನಗಿಂತ ಮುಂಚೆ ಹೋದ ಅಕ್ಕಂದಿರು ಮೂವತ್ತು ವರ್ಷದಿಂದ ಇದ್ದಾರೆ. ನೀನು ಅಲ್ಲಿ ಹೊಸ ಪ್ರಾಣಿ ಅಲ್ಲ, ಅದು ದೊಡ್ಡ ಧೈರ್ಯ.

ದಿನ ಹೇಗಿರುತ್ತದೆ ಅಂದರೆ, ಕತ್ತಲಿರುವಾಗಲೇ ಏಳುತ್ತೀಯ. ನಾಲ್ಕೂವರೆ ಹೊತ್ತಿಗೆ ಎದ್ದು, ಹಾಸಿಗೆ ಸರಿ ಮಾಡಿ, ಮುಖ ತೊಳೆದು, ಚಹಾ ಕುಡಿದು, ಬ್ಲಾಕ್ ಮುಂದೆ ಫಾಲ್-ಇನ್, ಅಂದರೆ ಸಾಲಾಗಿ ನಿಲ್ಲುವುದು. ತಲೆ ಎಣಿಕೆ. ಅಲ್ಲಿಂದ ಸ್ಕ್ವಾಡ್ ಆಗಿ ಓಡಿಕೊಂಡೇ ಹೋಗುವುದು. ಮೊದಲ ತಿಂಗಳುಗಳಲ್ಲಿ ಒಬ್ಬಳೇ ಆರಾಮಾಗಿ ನಡೆದುಕೊಂಡು ಎಲ್ಲಿಗೂ ಹೋಗುವುದಿಲ್ಲ, ಎಲ್ಲದಕ್ಕೂ ಓಟ. ಪಿಟಿ ಒಂದು ಪಿರಿಯಡ್, ಡ್ರಿಲ್ ಒಂದು ಪಿರಿಯಡ್, ನಡುವೆ ಬಟ್ಟೆ ಬದಲಿಸಲು ಕೆಲವೇ ನಿಮಿಷ. ಆ ಕೆಲವೇ ನಿಮಿಷದಲ್ಲಿ ಬೆವರಿನಲ್ಲಿ ಅಂಟಿಕೊಂಡ ಟೀ ಶರ್ಟ್ ಬಿಚ್ಚಿ, ಯೂನಿಫಾರ್ಮ್ ಹಾಕಿ, ಬೆಲ್ಟ್ ನೇರ ಮಾಡಿ, ಬೂಟಿನ ಲೇಸ್ ಕಟ್ಟಿ ಮತ್ತೆ ಕೆಳಗೆ ನಿಲ್ಲಬೇಕು. ಹೊಸಬರಿಗೆ ಓಟಕ್ಕಿಂತ ಇದೇ ಜಾಸ್ತಿ ಕಷ್ಟ. ಯಾರೋ ಒಬ್ಬರು ತಡ ಮಾಡಿದರೆ ಎಲ್ಲರಿಗೂ ಶಿಕ್ಷೆ.

ಆಮೇಲೆ ತಿಂಡಿ, ನಂತರ ತರಗತಿಗಳು. ಶಸ್ತ್ರ ತರಬೇತಿ, ಮ್ಯಾಪ್ ರೀಡಿಂಗ್, ಟ್ಯಾಕ್ಟಿಕ್ಸ್, ಸೈನ್ಯದ ಇತಿಹಾಸ, ಕಾನೂನು. ಏಸಿ ತರಗತಿಯಲ್ಲಿ ಕೂತ ಕೂಡಲೇ ನಿದ್ದೆ ಬರುತ್ತದೆ, ಕಣ್ಣು ತೆರೆದುಕೊಂಡೇ ನಿದ್ದೆ ಹೋಗುವವರನ್ನು ನೋಡಿದ್ದೇನೆ. ನಿದ್ದೆ ಬಂದರೆ ನೀನಾಗಿಯೇ ಎದ್ದು ಹಿಂದೆ ಹೋಗಿ ನಿಂತುಕೋ. ಮಧ್ಯಾಹ್ನ ಊಟ, ಸಂಜೆ ಗೇಮ್ಸ್ ಅಥವಾ ಹೆಚ್ಚುವರಿ ಪಿಟಿ, ರಾತ್ರಿ ಮೆಸ್‌ಗೆ ಸರಿಯಾದ ಡ್ರೆಸ್‌ನಲ್ಲಿ ಹೋಗಬೇಕು, ಚಾಕು ಫೋರ್ಕ್ ಹಿಡಿದು ತಿನ್ನುವುದನ್ನೂ ಅಲ್ಲೇ ಕಲಿಸುತ್ತಾರೆ. ಅದಾದ ಮೇಲೆ ನಾಳೆಯ ತಯಾರಿ. ಹತ್ತು ಗಂಟೆಗೆ ಲೈಟ್ಸ್ ಆಫ್ ಅಂತ ಕಾಗದದಲ್ಲಿ ಇರುತ್ತದೆ, ಬೂಟು ಪಾಲಿಶ್ ಮುಗಿಯದೇ ಇದ್ದರೆ ಮಲಗುವುದು ತಡ.

ಬೂಟು ಪಾಲಿಶ್ ಅಂದರೆ ಸುಮ್ನೆ ಬ್ರಶ್ ಹೊಡೆಯುವುದಲ್ಲ. ಮೆತ್ತನೆಯ ಹತ್ತಿ ಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಸ್ವಲ್ಪವೇ ಸ್ವಲ್ಪ ಪಾಲಿಶ್ ತೆಗೆದುಕೊಂಡು, ಒಂದು ಹನಿ ನೀರು ಹಾಕಿ, ಬೂಟಿನ ಮೂತಿಯ ಮೇಲೆ ಸಣ್ಣ ಸಣ್ಣ ಸುತ್ತು. ಒಂದು ಪದರ ಆರಿದ ಮೇಲೆ ಇನ್ನೊಂದು. ಟ್ಯೂಬ್‌ಲೈಟ್ ಅದರಲ್ಲಿ ಕಾಣಬೇಕು. ಇದನ್ನು ಮನೆಯಲ್ಲೇ ಅಪ್ಪನ ಶೂ ಮೇಲೆ ಕಲಿತು ಹೋಗು. ದಿನಾ ಅರ್ಧ ಗಂಟೆ ನಿದ್ದೆ ಉಳಿಯುತ್ತದೆ, ಅಲ್ಲಿ ಅರ್ಧ ಗಂಟೆ ನಿದ್ದೆ ಅಂದರೆ ದೊಡ್ಡ ಆಸ್ತಿ.

ಟೆಸ್ಟ್‌ಗಳಲ್ಲಿ ಎರಡು ಮುಖ್ಯ. ಪಿಪಿಟಿಯಲ್ಲಿ (ಮೈಯ ಸಾಮರ್ಥ್ಯದ ಪರೀಕ್ಷೆ) 2.4 ಕಿ.ಮೀ. ಓಟ, ಚಿನ್-ಅಪ್, ಸಿಟ್-ಅಪ್, ಟೋ ಟಚ್, 5 ಮೀಟರ್ ಶಟಲ್, 100 ಮೀಟರ್ ಸ್ಪ್ರಿಂಟ್ ಇರುತ್ತವೆ. ಬಿಪಿಇಟಿಯಲ್ಲಿ (ಯುದ್ಧದ ಉಡುಪಿನಲ್ಲಿ ಮಾಡುವ ಪರೀಕ್ಷೆ) ಯೂನಿಫಾರ್ಮ್, ಬೂಟು, ಬೆನ್ನಿಗೆ ಭಾರ, ರೈಫಲ್ ಸಮೇತ 5 ಕಿ.ಮೀ., ಆಮೇಲೆ 60 ಮೀಟರ್ ಸ್ಪ್ರಿಂಟ್, ಹಗ್ಗ ಹತ್ತುವುದು, ಅಡ್ಡ ಹಗ್ಗ, 9 ಅಡಿ ಹಳ್ಳ ಹಾರುವುದು. ಇನ್ಸಾಸ್ ರೈಫಲ್ ಖಾಲಿ ಇದ್ದಾಗಲೇ 4 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಹೆಣ್ಣುಮಕ್ಕಳಿಗೆ ಸಮಯದ ಲೆಕ್ಕ ಬೇರೆ, ಕೆಲಸ ಇದೇ ಥರದ್ದು. ಇವೆಲ್ಲವನ್ನೂ ಅವರು ಹಂತ ಹಂತವಾಗಿ ಕಲಿಸುತ್ತಾರೆ. ಮೊದಲ ದಿನವೇ ಯಾರೂ ಬಿಪಿಇಟಿ ಓಡಿಸುವುದಿಲ್ಲ. ಅದಕ್ಕೇ ಫಿಸಿಯೋ ಮೇಡಂ ಹೇಳಿದ ಮಾತು ನೂರಕ್ಕೆ ನೂರು ನಿಜ. ಭಾರ ಹೊರುವುದನ್ನು ಅವರು ಕಲಿಸುತ್ತಾರೆ. ನೀನು ತೆಗೆದುಕೊಂಡು ಹೋಗಬೇಕಾದದ್ದು ಗಾಯ ಇಲ್ಲದ ಎರಡು ಕಾಲು.

ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ನಮ್ಮೆಲ್ಲರಿಗಿಂತ ವೇಗವಾಗಿ ಓಡುತ್ತಿದ್ದಳು. ಮನೆಯಿಂದ ಬರುವಾಗಲೇ ಅವಳಿಗೆ ಕಣಕಾಲಿನ ಮೇಲೆ ನೋವಿತ್ತು. ಹೇಳಿಕೊಂಡರೆ ಹೆಸರು ಕೆಡುತ್ತದೆ ಅಂತ ಯಾರಿಗೂ ಹೇಳಲಿಲ್ಲ, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಓಡಿದಳು. ಕೊನೆಗೆ ಡ್ರಿಲ್ ಮೈದಾನದಲ್ಲಿ ಕಾಲು ಊರಲು ಆಗಲಿಲ್ಲ. ತುಂಬಾ ದಿನ ತರಬೇತಿ ತಪ್ಪಿತು, ಕೆಳಗಿನ ಟರ್ಮ್‌ಗೆ ಇಳಿದಳು. ನಮ್ಮ ಜೊತೆ ಪಾಸಾಗಲಿಲ್ಲ, ಆರು ತಿಂಗಳು ತಡವಾಗಿ ಪಾಸಾದಳು. ಇವತ್ತು ಒಳ್ಳೆಯ ಅಧಿಕಾರಿ. ಆದರೆ ಆ ಆರು ತಿಂಗಳು ಅವಳು ಪಟ್ಟ ಪಾಡು ನೋಡಿದ್ದೇನೆ. ಕಾಲಿನ ನೋವಿಗಿಂತ, ತನ್ನ ಕೋರ್ಸ್‌ನವರು ಮುಂದೆ ಹೋಗುವುದನ್ನು ನೋಡುತ್ತಾ ನಿಲ್ಲುವುದು ಜಾಸ್ತಿ ನೋಯಿಸುತ್ತದೆ. ನೋವಿದ್ದರೆ ಎಂಐ ರೂಮ್‌ಗೆ, ಅಂದರೆ ಅಲ್ಲಿನ ಚಿಕಿತ್ಸಾ ಕೋಣೆಗೆ ಹೋಗು. ಎರಡು ದಿನ ಕೂತರೆ ಏನೂ ಆಗುವುದಿಲ್ಲ.

ರಾಣೆಬೆನ್ನೂರು_ಹುಡುಗಿ

ಅಕ್ಕಾ, ಮೇಡಂ, ಇಷ್ಟು ಬರೆದದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ನಾಳೆಯೇ ರಕ್ತಪರೀಕ್ಷೆಗೆ ಹೋಗುತ್ತೇನೆ. ಮರಳಿನ ಬ್ಯಾಗ್ ಮುಟ್ಟುವುದಿಲ್ಲ. ಆದರೆ ಹಾಗಿದ್ದರೆ ದಿನಾ ಏನು ಮಾಡಲಿ? ಮತ್ತೆ ಹಿಂದಿ, ಊಟ, ಈಜು?

ಧಾರವಾಡ_ಟ್ರ್ಯಾಕ್

ಓಟದ ವಿಷಯ ನಾನು ಹೇಳುತ್ತೇನೆ, ಅಥ್ಲೆಟಿಕ್ಸ್ ಕೋಚ್ ನಾನು.

ತಂಗಿ, ನಿನಗೆ ಬೇಕಿರುವುದು ಒಂದೂವರೆ ನಿಮಿಷ. ಮೂರು ತಿಂಗಳಲ್ಲಿ ಅದು ಆಗುವಂಥದ್ದೇ. ವಾರಕ್ಕೆ ನಾಲ್ಕು ದಿನ ಓಡು, ಏಳು ದಿನ ಬೇಡ. ನಾಲ್ಕರಲ್ಲಿ ಮೂರು ದಿನ ನಿಧಾನದ ಓಟ, ಪಕ್ಕದಲ್ಲಿ ಇರುವವರ ಜೊತೆ ಪೂರ್ತಿ ವಾಕ್ಯ ಮಾತಾಡಿಕೊಂಡು ಓಡಲು ಆಗಬೇಕು, ಅಷ್ಟು ನಿಧಾನ. ಹುಡುಗರು ಇದನ್ನು ನಂಬುವುದೇ ಇಲ್ಲ, ದಿನಾ ರೇಸ್ ಓಡುತ್ತಾರೆ, ಆರು ವಾರಕ್ಕೆ ಕೂರುತ್ತಾರೆ. ಒಂದು ದಿನ ಮಾತ್ರ ವೇಗ. ಮೊದಲ ತಿಂಗಳು ಅದೂ ಬೇಡ. ಎರಡನೇ ತಿಂಗಳಿಂದ 400 ಮೀಟರ್ ಓಡು, ಒಂದೂವರೆ ಎರಡು ನಿಮಿಷ ನಡೆ, ಮತ್ತೆ ಓಡು, ಹೀಗೆ ಆರು ಸಲ. 13 ನಿಮಿಷಕ್ಕೆ 2.4 ಕಿ.ಮೀ. ಅಂದರೆ ಒಂದು 400ಕ್ಕೆ 2 ನಿಮಿಷ 10 ಸೆಕೆಂಡ್. ನೀನು ಅದನ್ನು ಎರಡು ನಿಮಿಷದಲ್ಲಿ ಓಡಲು ಕಲಿತರೆ ಪರೀಕ್ಷೆಯ ದಿನ ಕೈಯಲ್ಲಿ ಸ್ವಲ್ಪ ಉಳಿತಾಯ ಇರುತ್ತದೆ. ಡಾಂಬರು ರಸ್ತೆ ಬಿಟ್ಟು ಮಣ್ಣಿನ ಮೈದಾನದಲ್ಲಿ, ಕೆರೆ ಏರಿ ಮೇಲೆ ಓಡು. ವಾರದಿಂದ ವಾರಕ್ಕೆ ಸ್ವಲ್ಪವೇ ಏರಿಸು, ನಾಲ್ಕನೇ ವಾರ ಇಳಿಸು. ಒಂದು ವಾರ ಜ್ವರ ಬಂದು ತಪ್ಪಿದರೆ ಮುಂದಿನ ವಾರ ಎರಡರಷ್ಟು ಓಡಿ ತುಂಬಿಸಲು ಹೋಗಬೇಡ.

ಪುಲ್-ಅಪ್ ಬರದವರಿಗೆ ದಾರಿ ಒಂದಿದೆ. ಸ್ಟೂಲ್ ಹತ್ತಿ ಗಲ್ಲ ಕಂಬಿಯ ಮೇಲೆ ಬರುವಂತೆ ನಿಂತುಕೋ, ಸ್ಟೂಲ್ ಬಿಟ್ಟು ಐದು ಎಣಿಸುತ್ತಾ ನಿಧಾನವಾಗಿ ಕೆಳಗೆ ಇಳಿ. ಮೇಲೆ ಎಳೆದುಕೊಳ್ಳುವ ಶಕ್ತಿ ಇಳಿಯುವುದರಿಂದಲೇ ಬರುತ್ತದೆ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕೈದು. ಜೊತೆಗೆ ಸುಮ್ನೆ ಜೋತು ಬೀಳುವುದು, ಕೈಹಿಡಿತ ಗಟ್ಟಿಯಾಗಲಿ, ಹಗ್ಗಕ್ಕೂ ಅದೇ ಬೇಕು. ಪುಶ್-ಅಪ್ ಸೊಂಟ ಇಳಿಯುವ ತನಕ ಮಾಡಬೇಡ. ಆರು ಸರಿಯಾಗಿ ಮಾಡಿ ನಿಲ್ಲಿಸು, ಸ್ವಲ್ಪ ಬಿಟ್ಟು ಮತ್ತೆ ಆರು. ಗರಡಿಮನೆಯಲ್ಲಿ ಹೊಡೆಯುವ ದಂಡ, ಬಸ್ಕಿ ಎರಡೂ ಒಳ್ಳೆಯವು, ನಿಮ್ಮೂರಲ್ಲಿ ಗರಡಿ ಇದ್ದರೆ ಹೋಗಿ ಹಿರಿಯರ ಹತ್ತಿರ ದಂಡ ಸರಿಯಾಗಿ ಹೊಡೆಯುವುದು ಕಲಿ.

ಡೆಹ್ರಾಡೂನ್_ಹಳೇ_ಕೆಡೆಟ್

ನಾನು ಡೆಹ್ರಾಡೂನ್‌ನ ಐಎಂಎಯವನು (ಇಂಡಿಯನ್ ಮಿಲಿಟರಿ ಅಕಾಡೆಮಿ), ನಿವೃತ್ತಿ ಆಗಿ ಬಹಳ ಕಾಲ ಆಯಿತು. ಹಿಂದಿ ಬಗ್ಗೆ ನಾನು ಹೇಳುತ್ತೇನೆ ಮಗಳೇ, ನಾನೂ ಹಾಸನ ಜಿಲ್ಲೆಯ ಹಳ್ಳಿಯಿಂದ ಕನ್ನಡ ಮೀಡಿಯಂ ಓದಿ ಹೋದವನು.

ತರಗತಿ ಎಲ್ಲ ಇಂಗ್ಲಿಷ್. ಮೈದಾನದಲ್ಲಿ ಉಸ್ತಾದರು ಹಿಂದಿಯಲ್ಲಿ ಮಾತಾಡುತ್ತಾರೆ. ಡ್ರಿಲ್ ಕಮಾಂಡ್‌ಗಳು ಹಿಂದಿಯಲ್ಲೇ: ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ಬಾಯೇಂ ಮುಡ್, ಪೀಛೇ ಮುಡ್, ತೇಜ್ ಚಲ್, ಥಮ್. ಇಪ್ಪತ್ತು ಮೂವತ್ತು ಕಮಾಂಡ್ ಅಷ್ಟೇ, ಎರಡು ವಾರದಲ್ಲಿ ಮೈಗೆ ಬರುತ್ತದೆ. ಉಸ್ತಾದರು ಅಂದರೆ ಕಲಿಸುವ ಜೆಸಿಒ (ಸುಬೇದಾರ್ ದರ್ಜೆಯವರು), ಹವಾಲ್ದಾರ್‌ಗಳು. ನಿನಗಿಂತ ರ್‍ಯಾಂಕ್‌ನಲ್ಲಿ ಚಿಕ್ಕವರಾಗುತ್ತಾರೆ ಅಂತ ಒಂದು ಕ್ಷಣವೂ ಮನಸ್ಸಿಗೆ ತರಬೇಡ, ಸೈನಿಕ ಅಂದರೆ ಏನು ಅಂತ ನಿನಗೆ ಮೊದಲು ತೋರಿಸುವವರು ಅವರೇ. ಗಟ್ಟಿ ಧ್ವನಿಯಲ್ಲಿ ಕೂಗುತ್ತಾರೆ. ಆ ಬೈಗುಳ ನಿನ್ನ ಮೇಲಿನ ಸಿಟ್ಟಿನಿಂದ ಬರುವುದಲ್ಲ. ಹಿಂದಿ ತಪ್ಪು ಮಾತಾಡಿದರೂ ಪರವಾಗಿಲ್ಲ, ಜೋರಾಗಿ ಮಾತಾಡು. ಧ್ವನಿ ಹೊರಡಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡು. ನಮ್ಮ ಹಳ್ಳಿ ಮಕ್ಕಳು ಮೈಯಲ್ಲಿ ಗಟ್ಟಿ ಇರುತ್ತಾರೆ, ಆದರೆ ಹತ್ತು ಜನರ ಮುಂದೆ ನಿಂತು ಕಮಾಂಡ್ ಕೊಡು ಅಂದರೆ ಗಂಟಲು ಕಟ್ಟುತ್ತದೆ.

ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು ಕೊಡಗಿನ ಕಾರಿಯಪ್ಪ, 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡರು, ಆ ದಿನವನ್ನೇ ಸೇನಾ ದಿನ ಅಂತ ಆಚರಿಸುತ್ತೇವೆ. ಜನರಲ್ ತಿಮ್ಮಯ್ಯ ಮಡಿಕೇರಿಯವರು. ಆ ನೆಲದಿಂದ ಹೋಗುತ್ತಿದ್ದೀಯ, ತಲೆ ಎತ್ತಿಕೊಂಡು ಹೋಗು.

ಊಟದ ಬಗ್ಗೆ ಚಿಂತೆ ಬೇಡ. ಸಸ್ಯಾಹಾರಿಗಳಿಗೆ ಬೇರೆ ಬಡಿಸುತ್ತಾರೆ, ಹಾಲು, ಪನೀರ್, ಬೇಳೆ ಇರುತ್ತವೆ. ರೊಟ್ಟಿ ಮುದ್ದೆ ನೆನಪಾಗುತ್ತದೆ, ಅಷ್ಟೇ. ತಟ್ಟೆಯಲ್ಲಿ ಬಿಡಬೇಡ, ಹಸಿವಿಲ್ಲ ಅಂತ ತಿಂಡಿ ಬಿಟ್ಟರೆ ಹನ್ನೊಂದು ಗಂಟೆಗೆ ಕಣ್ಣು ಕತ್ತಲೆ ಬರುತ್ತದೆ.

ಸೋಮವಾರಪೇಟೆ_ತಂದೆ

ನಾನು ಕೆಡೆಟ್ ಅಲ್ಲ, ತಂದೆ. ನನ್ನ ಮಗ ಒಂದು ಅಕಾಡೆಮಿಯಲ್ಲಿ ಇದ್ದಾನೆ. ಯಾವುದು ಅಂತ ಹೇಳುವುದಿಲ್ಲ. ಅವನಿಗೆ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು, ಈಗ ಮತ್ತೆ ತರಬೇತಿಗೆ ಮರಳಿದ್ದಾನೆ. ಇಲ್ಲಿ ಎಲ್ಲರೂ ಧೈರ್ಯ ಹೇಳುತ್ತಿದ್ದೀರಿ, ಒಳ್ಳೆಯದು. ಆದರೆ ಮನೆಯವರು ಒಂದು ವಿಷಯ ತಿಳಿದಿರಬೇಕು. ತರಬೇತಿಯಲ್ಲಿ ಇರುವಾಗ ಇವರು ಇನ್ನೂ ಕಮಿಷನ್ ಆಗಿರುವುದಿಲ್ಲ. ದೊಡ್ಡ ಗಾಯ ಆಗಿ ಮೆಡಿಕಲ್ ಬೋರ್ಡ್ ಹೊರಗೆ ಕಳಿಸಿದರೆ, ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಗುವುದಿಲ್ಲ, ಪಿಂಚಣಿಯ ಬದಲು ಎಕ್ಸ್-ಗ್ರೇಷಿಯಾ ಅಂತ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. 1985ರಿಂದ ಈಚೆಗೆ ಸುಮಾರು 500 ಕೆಡೆಟ್‌ಗಳು ಹೀಗೆ ಹೊರಬಂದಿದ್ದಾರೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠ. ಅದೇ ತಿಂಗಳು ರಕ್ಷಣಾ ಸಚಿವಾಲಯ ಇಂಥ ಮಕ್ಕಳಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯ ಸೌಲಭ್ಯ ಕೊಡಲು ಒಪ್ಪಿತು. ಅದಕ್ಕೆ ಮೊದಲು ಕೈಕಾಲು ಸ್ವಾಧೀನ ಕಳೆದುಕೊಂಡ ಹುಡುಗರ ಆಸ್ಪತ್ರೆ ಖರ್ಚನ್ನು ಅಪ್ಪ ಅಮ್ಮನೇ ನೋಡಿಕೊಳ್ಳುತ್ತಿದ್ದರು. ದೇಶಕ್ಕೆ ಅಂತ ಹೋದ ಮಗು ತರಬೇತಿಯ ಕೊನೆಯ ದಿನ ಬಿದ್ದರೂ ಅದು ದೇಶದ ಕೆಲಸದಲ್ಲೇ ಬಿದ್ದದ್ದು. ಕಮಿಷನ್ ಆದ ಮಾರನೇ ದಿನ ಬಿದ್ದವರಿಗೂ ಹಿಂದಿನ ದಿನ ಬಿದ್ದವರಿಗೂ ವ್ಯತ್ಯಾಸ ಯಾಕೆ? ನನ್ನ ಪ್ರಕಾರ ಪೂರ್ತಿ ಹಕ್ಕು ಸಿಗಬೇಕು, ಕೇವಲ ಚಿಕಿತ್ಸೆ ಸಾಲದು.

ಹೆದರಿಸಲು ಬರೆದದ್ದಲ್ಲ ಅಮ್ಮ. ಹೋಗುವ ಮಕ್ಕಳಲ್ಲಿ ಬಹುಪಾಲು ಜನ ಚೆನ್ನಾಗಿಯೇ ಪಾಸಾಗಿ ಬರುತ್ತಾರೆ. ಆದರೆ ಗಾಯವಾದರೆ ಪ್ರತಿ ಚೀಟಿ, ಪ್ರತಿ ರಿಪೋರ್ಟ್‌ನ ಫೋಟೋ ತೆಗೆದು ಮನೆಗೆ ಕಳಿಸು. ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಫೈಲ್ ಇದೆ.

ಪರಂಗಿಮಲೈ_ಅಕ್ಕ

ಸರ್, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮಗ ಬೇಗ ಗಟ್ಟಿಯಾಗಲಿ. ಚೀಟಿ ಇಟ್ಟುಕೊಳ್ಳುವ ಮಾತು ಎಲ್ಲ ಕೆಡೆಟ್‌ಗಳೂ ಕೇಳಿಸಿಕೊಳ್ಳಬೇಕು. ನೋವು ಬಚ್ಚಿಟ್ಟರೆ ದಾಖಲೆಯೂ ಇರುವುದಿಲ್ಲ.

ಬೆಂಗಳೂರು_ಎನ್‌ಸಿಸಿ

ರಗಡಾ ಬಗ್ಗೆ ಯಾರೂ ಹೇಳಲಿಲ್ಲ? ಸೀನಿಯರ್‌ಗಳು ರಾತ್ರಿ ಎಬ್ಬಿಸಿ ಫ್ರಂಟ್ ರೋಲ್ ಹೊಡೆಸುತ್ತಾರೆ ಅಂತ ಕೇಳಿದ್ದೇನೆ. ಸ್ಟೈಪೆಂಡ್ ಎಷ್ಟು ಅಂತಲೂ ಹೇಳಿ.

ಪರಂಗಿಮಲೈ_ಅಕ್ಕ

ಸ್ಟೈಪೆಂಡ್ ತಿಂಗಳಿಗೆ 56,100 ರೂಪಾಯಿ, ಅದರಲ್ಲಿ ಮೆಸ್ ಮುಂತಾದ ಖರ್ಚು ಹೋಗುತ್ತದೆ.

ರಗಡಾ ಇದೆ. ತಪ್ಪು ಮಾಡಿದರೆ ಫ್ರಂಟ್ ರೋಲ್, ಪುಶ್-ಅಪ್, ಮೈದಾನ ಸುತ್ತುವುದು. ಕೋರ್ಸ್‌ನವರೆಲ್ಲ ಸೇರಿ ಅನುಭವಿಸುತ್ತೀರಿ, ಅಲ್ಲೇ ಗೆಳೆತನ ಹುಟ್ಟುತ್ತದೆ, ಇದು ಸುಳ್ಳಲ್ಲ. ಆದರೆ ಮೈಮೇಲೆ ಕೈ ಮಾಡುವುದು, ಅವಮಾನ ಮಾಡುವುದು, ಗಾಯ ಇದ್ದವರನ್ನು ಉರುಳಿಸುವುದು ತರಬೇತಿ ಅಲ್ಲ, ನಿಯಮದಲ್ಲೂ ಇಲ್ಲ. ಅಂಥದ್ದು ಆದರೆ ಡಿಎಸ್‌ಗೆ, ಅಂದರೆ ನಿಮ್ಮ ಮೇಲ್ವಿಚಾರಣೆಯ ಅಧಿಕಾರಿಗೆ, ನೇರವಾಗಿ ಹೇಳಬೇಕು. ಹೇಳಿದವರನ್ನು ಹೇಡಿ ಅನ್ನುವವರ ಮಾತಿಗೆ ಬೆಲೆ ಕೊಡಬೇಡ.

ಗೋಕಾಕ_ಮೈದಾನ

ಎಲ್ಲ ಓದಿದೆ. ದಿನಾ 10 ಕಿ.ಮೀ. ಮರಳು ಹೊತ್ತು ಓಡುವುದು ಬೇಡ, ಒಪ್ಪುತ್ತೇನೆ. ನಮ್ಮ ಹುಡುಗರಿಗೂ ವಾರಕ್ಕೆ ಎರಡು ದಿನ ರಜೆ ಕೊಡಲು ಶುರು ಮಾಡುತ್ತೇನೆ. ಆದರೆ ಬೂಟಿನ ವಿಷಯ ಪೂರ್ತಿ ಬಿಡುವುದಿಲ್ಲ. ಬೂಟು ಕಾಲಿಗೆ ಹೊಂದಿಕೊಳ್ಳಬೇಕು ಅಲ್ವಾ?

ಫಿಸಿಯೋ_ಮೈಸೂರು

ಹೌದು ಸರ್, ಅದು ಸರಿ. ಬೂಟು ಹಾಕಿಕೊಂಡು ನಡೆಯಲಿ. ಮೊದಲು ಮನೆಯೊಳಗೆ, ಆಮೇಲೆ ಅರ್ಧ ಗಂಟೆ ಹೊರಗೆ, ಕೊನೆಯ ತಿಂಗಳು ಒಂದು ಗಂಟೆ. ನಡಿಗೆ ಮಾತ್ರ. ಭಾರ ಬೇಕೆನಿಸಿದರೆ ಕೊನೆಯ ತಿಂಗಳು ವಾರಕ್ಕೊಮ್ಮೆ ನಾಲ್ಕೈದು ಕೆ.ಜಿ. ಹೊತ್ತು ನಡೆಯಲಿ, ಬ್ಯಾಗ್ ಬೆನ್ನಿಗೆ ಅಂಟಿರಬೇಕು, ಜೋತಾಡಬಾರದು. ಹೊರಡುವ ಹಿಂದಿನ ಒಂದು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಚೆನ್ನಾಗಿ ನಿದ್ದೆ ಮಾಡಿ ಹೋಗಲಿ.

ಗೋಕಾಕ_ಮೈದಾನ

ಇದು ಒಪ್ಪುವ ಮಾತು. ತಂಗಿ, ಬೂಟು ಸಂಜೆ ಹೊತ್ತು ಕೊಂಡುಕೋ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ, ಆಗಿನ ಅಳತೆಯೇ ಸರಿ. ದಪ್ಪ ಸಾಕ್ಸ್ ಹಾಕಿಕೊಂಡೇ ನೋಡು.

ರಾಣೆಬೆನ್ನೂರು_ಹುಡುಗಿ

ರಿಪೋರ್ಟ್ ಬಂತು. ವಿಟಮಿನ್ ಡಿ ತುಂಬಾ ಕಡಿಮೆ ಇದೆ, ಫೆರಿಟಿನ್ ಕೂಡ ಕಡಿಮೆ. ಡಾಕ್ಟರ್ ಮಾತ್ರೆ ಬರೆದಿದ್ದಾರೆ, ಎರಡು ತಿಂಗಳ ನಂತರ ಮತ್ತೆ ಪರೀಕ್ಷೆ. ಕೇಳದೇ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಓಟ ಧಾರವಾಡದ ಸರ್ ಹೇಳಿದಂತೆ ಶುರು ಮಾಡಿದ್ದೇನೆ, ತಮ್ಮ ಸೈಕಲ್ ತುಳಿಯುತ್ತಾ ಪಕ್ಕದಲ್ಲಿ ಬರುತ್ತಾನೆ, ಮಾತಾಡಿಕೊಂಡೇ ಓಡುತ್ತೇನೆ. ಈಜು ಕಲಿಯಲು ದಾವಣಗೆರೆಗೆ ಹೋಗಿ ಬರುವ ಯೋಚನೆ ಇದೆ. ಅಷ್ಟು ದೂರ ಹೋಗುವಷ್ಟು ಅದು ಮುಖ್ಯವಾ? ಚೆನ್ನೈಗೆ ಏನೇನು ಒಯ್ಯಲಿ?

ಪರಂಗಿಮಲೈ_ಅಕ್ಕ

ಹೋಗಲೇಬೇಕು. ಈಜು ಬರದವರಿಗೆ ಅಲ್ಲಿ ಕಲಿಸುತ್ತಾರೆ, ಆದರೆ ಬೇರೆಯವರು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿನಲ್ಲಿ ನೀನು ಕೊಳದಲ್ಲಿ ಇರಬೇಕಾಗುತ್ತದೆ. ಸ್ಟೈಲ್ ಬೇಡ. ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಬಿಡುವುದು, ತೇಲುವುದು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೇಗೋ ತಲುಪುವುದು, ಇಷ್ಟು ಬಂದರೆ ಸಾಕು. ಎತ್ತರದಿಂದ ನೀರಿಗೆ ಹಾರಿಸುತ್ತಾರೆ, ನೀರಿನ ಭಯ ಹೋಗಿದ್ದರೆ ಅದು ಸುಲಭ. ಕಾಲಿಗೆ ಪೆಟ್ಟು ಬೀಳದ ವ್ಯಾಯಾಮವೂ ಆಯಿತು, ಓಡದ ದಿನ ಈಜಿಗೆ ಹೋಗು.

ಸಾಮಾನಿನ ಪಟ್ಟಿ ಜಾಯ್ನಿಂಗ್ ಲೆಟರ್ ಜೊತೆ ಬರುತ್ತದೆ, ಅದರ ಪ್ರಕಾರ ತೆಗೆದುಕೋ. ಅದರಲ್ಲಿ ಇಲ್ಲದ್ದು ಹೇಳುತ್ತೇನೆ. ನೀನು ಹೋಗುವುದು ಅಕ್ಟೋಬರ್, ಚೆನ್ನೈಗೆ ಹಿಂಗಾರು ಮಳೆ ಬರುವ ಹೊತ್ತು. ಬೂಟು ಸಾಕ್ಸ್ ಒಣಗುವುದಿಲ್ಲ, ಬೆರಳ ಸಂದಿಯಲ್ಲಿ ಹುಣ್ಣಾಗುತ್ತದೆ. ಸಾಕ್ಸ್ ಹತ್ತು ಜೊತೆಗೆ ಕಡಿಮೆ ಬೇಡ, ಆಂಟಿಫಂಗಲ್ ಪೌಡರ್, ಅಂಟುವ ಪ್ಲಾಸ್ಟರ್, ಒಳ್ಳೆಯ ನೇಲ್ ಕಟರ್ ಇರಲಿ. ಉಗುರು ನೇರವಾಗಿ ಕತ್ತರಿಸು, ಮೂಲೆ ಒಳಗೆ ಕೊರೆಯಬೇಡ. ಒದ್ದೆ ಬೂಟಿನೊಳಗೆ ರಾತ್ರಿ ಹಳೇ ನ್ಯೂಸ್‌ಪೇಪರ್ ತುರುಕಿಡು, ಬೆಳಿಗ್ಗೆ ಅಷ್ಟಿಷ್ಟು ಒಣಗಿರುತ್ತದೆ. ಓಟದ ಶೂ ಹೊಸದನ್ನು ಅಲ್ಲಿಗೆ ಒಯ್ಯಬೇಡ, ಇಲ್ಲೇ ಒಂದು ತಿಂಗಳು ಓಡಿ ಪಳಗಿಸಿದ್ದನ್ನು ಒಯ್ಯಿ. ಸ್ಪೋರ್ಟ್ಸ್ ಬ್ರಾ ಒಳ್ಳೆಯ ಗುಣಮಟ್ಟದ್ದು ಐದಾರು ಬೇಕು. ಪ್ಯಾಡ್ ಮೂರು ತಿಂಗಳಿಗೆ ಸಾಕಾಗುವಷ್ಟು, ಶುರುವಿನಲ್ಲಿ ಅಂಗಡಿಗೆ ಹೋಗಲು ಸಮಯ ಸಿಗುವುದಿಲ್ಲ. ಏಪ್ರಿಲ್ ಬಂತೆಂದರೆ ಬಿಸಿಲು ಮತ್ತು ಬೆವರು, ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುವ ಅಭ್ಯಾಸ ಮಾಡಿಕೋ, ಓಆರ್‌ಎಸ್ ಪ್ಯಾಕೆಟ್ ಜೇಬಲ್ಲಿ ಇರಲಿ.

ಮೊದಲ ಕೆಲವು ವಾರ ಫೋನ್ ಕೈಗೆ ಸಿಗುವುದು ಅಪರೂಪ. ಅಮ್ಮನಿಗೆ ಈಗಲೇ ಹೇಳಿಬಿಡು, ಫೋನ್ ಬರದಿದ್ದರೆ ಗಾಬರಿ ಬೇಡ ಅಂತ. ಈಜು ಕ್ಲಾಸಿಗೆ ಸೇರಿದ ಮೇಲೆ ಇಲ್ಲಿ ಬರೆ, ಉಸಿರು ಬಿಡುವುದರಲ್ಲಿ ತೊಂದರೆ ಬಂದರೆ ಹೇಳಿಕೊಡುತ್ತೇನೆ.